ಕಾಯುವುದನ್ನೂ ಸೇರಿಸಿ: ಹಳೆಯ ವಿದ್ಯಾರ್ಥಿಗಳಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ಹಳೆಯ ವಿದ್ಯಾರ್ಥಿಗಳೇ,

ಕಾರ್ಕಳದ ಲ್ಯಾಬ್‌ನಿಂದ ಬರೆಯುತ್ತಿದ್ದೇನೆ. ನೀವು ಕೂತು ಕಲಿತ ಅದೇ ಲ್ಯಾಬ್. ಕಿಟಕಿಯಾಚೆ ಅದೇ ಮಳೆ.

ನಿಮ್ಮಲ್ಲಿ ಕೆಲವರು ಸೇರಿ ನಮ್ಮ ಮಕ್ಕಳಿಗಾಗಿ ಒಂದು ಹಂಚಿಕೆಯ ಇಂಟರ್‌ಪ್ರಿಟರ್ ಕಟ್ಟಿಕೊಟ್ಟಿದ್ದೀರಿ. ಮನೆಯಲ್ಲಿ ಕಂಪ್ಯೂಟರ್ ಇಲ್ಲದ ಹುಡುಗನೂ ಫೋನ್ ತೆರೆದು ಕೋಡ್ ಬರೆದು ರನ್ ಒತ್ತಿದರೆ ಉತ್ತರ ಬರುತ್ತದೆ. ಮೊದಲು ಪೈಥಾನ್ ಬಂತು, ಆಮೇಲೆ ಸಿ ಬಂತು, ಈಗ ಜಾವಾ ಸೇರಿಸುತ್ತಿದ್ದೀರಿ, ಮುಂದೆ ಕನ್ನಡದ ಲೋಗೋ ಭಾಷೆ ಕೂಡ ಬರಲಿದೆ ಎಂದು ಕೇಳಿದೆ. ಹಗಲಿಡೀ ಮಣಿಪಾಲದಲ್ಲೋ ಬೆಂಗಳೂರಿನಲ್ಲೋ ದುಡಿದು, ರಾತ್ರಿ ಕೂತು ಸಂಬಳವಿಲ್ಲದೆ ಮಾಡಿದ ಕೆಲಸ ಇದು. ನನಗೆ ಅದರ ಬೆಲೆ ಗೊತ್ತಿದೆ. ನಿಮಗೆ ಮಾತ್ರ ಬರೆಯಬಹುದಾಗಿದ್ದ ಪತ್ರವನ್ನು ಎಲ್ಲರೂ ಓದುವಂತೆ ಬರೆಯುತ್ತಿರುವುದು ಏಕೆಂದರೆ, ಇಂಥ ಯಂತ್ರ ಕಟ್ಟುವವರು ಈಗ ಊರೂರಲ್ಲಿ ಇದ್ದಾರೆ. ನಾನು ಹೇಳಲಿರುವ ತೊಂದರೆ ಅವರೆಲ್ಲರ ಯಂತ್ರಗಳಲ್ಲೂ ಇದೆ.

ಕಾಪುವಿನಿಂದ ಶಿರ್ವ, ಬೆಳ್ಮಣ್ ದಾಟಿ ಬಸ್ಸಿನಲ್ಲಿ ಬರುವ ಹುಡುಗಿಯೊಬ್ಬಳು ಮೊದಲ ವರ್ಷದಲ್ಲಿದ್ದಾಳೆ. ಅವಳು ಬದುಕಿನಲ್ಲಿ ಬರೆದ ಮೊದಲ ಪ್ರೋಗ್ರಾಂ ಐದು ಸಾಲಿನದು. ನಿನ್ನ ಹೆಸರೇನು ಎಂದು ಕೇಳಬೇಕು, ಹುಟ್ಟಿದ ವರ್ಷ ಯಾವುದು ಎಂದು ಕೇಳಬೇಕು, ವಯಸ್ಸು ಲೆಕ್ಕ ಹಾಕಿ ನಮಸ್ಕಾರ ಹೇಳಬೇಕು. ಲ್ಯಾಬ್‌ನ ಕಂಪ್ಯೂಟರಿನಲ್ಲಿ ಅದು ಓಡಿತು. ಅವಳ ಪಕ್ಕದವಳು ತನ್ನ ಹೆಸರು ಕೊಟ್ಟು ನೋಡಿದಳು, ಆಚೆ ಬೆಂಚಿನವನು ಬಂದು ತನ್ನ ಅಜ್ಜಿಯ ಹೆಸರು ಕೊಟ್ಟ. ಒಂದು ಗಳಿಗೆ ಆ ಮೂಲೆಯಲ್ಲಿ ಹಬ್ಬವಿತ್ತು. ಸಂಜೆ ಮನೆಗೆ ಹೋಗಿ ಅಮ್ಮನಿಗೆ ತೋರಿಸಬೇಕೆಂದು ಅದೇ ಐದು ಸಾಲನ್ನು ನಿಮ್ಮ ಪುಟದಲ್ಲಿ ಹಾಕಿ ರನ್ ಒತ್ತಿದ್ದಾಳೆ. ಕೆಂಪು ಅಕ್ಷರಗಳಲ್ಲಿ ಇಓಎಫ್ ಎರರ್ ಬಂದಿದೆ.

ಮರುದಿನ ಅವಳ ಪುಸ್ತಕ ನೋಡಿದೆ. ಕೇಳುವ ಎರಡು ಸಾಲನ್ನೂ ಅಡ್ಡಗೆರೆ ಎಳೆದು ಹೊಡೆದು ಹಾಕಿದ್ದಳು. ಅವುಗಳ ಜಾಗದಲ್ಲಿ ತನ್ನದೇ ಹೆಸರನ್ನೂ ತನ್ನದೇ ವರ್ಷವನ್ನೂ ಬರೆದಿದ್ದಳು. "ಹೀಗೆ ಬರೆದ್ರೆ ಓಡ್ತದೆ ಸರ್" ಎಂದಳು. ತಪ್ಪು ತನ್ನದೆಂದೇ ಅವಳು ನಂಬಿದ್ದಳು. ಅಮ್ಮನ ಹೆಸರು ಕೇಳಬೇಕಾಗಿದ್ದ ಪ್ರೋಗ್ರಾಂ ಈಗ ಯಾರ ಹೆಸರನ್ನೂ ಕೇಳುವುದಿಲ್ಲ. ಈ ಪತ್ರ ಬರೆಸಿದ್ದು ಆ ಅಡ್ಡಗೆರೆ.

ಆದದ್ದೇನೆಂದು ನಿಮಗೆ ಗೊತ್ತು, ಓದುವ ಉಳಿದವರಿಗಾಗಿ ಹೇಳುತ್ತೇನೆ. ಯಾವ ಪ್ರೋಗ್ರಾಂ ಓಡಿದರೂ ಅದಕ್ಕೆ ಮೂರು ಬಾಗಿಲು ಇರುತ್ತವೆ: ಒಳಗೆ ಬರುವುದೊಂದು, ಉತ್ತರ ಹೊರಡುವುದೊಂದು, ದೂರು ಹೊರಡುವುದೊಂದು. ಲ್ಯಾಬ್‌ನಲ್ಲಿ ಒಳಬಾಗಿಲ ಆಚೆ ಕೀಬೋರ್ಡ್ ಇದೆ, ಅದರ ಮುಂದೆ ಮನುಷ್ಯ ಇದ್ದಾನೆ. ದೂರದ ಸರ್ವರಿನಲ್ಲಿ, ಕಂಟೇನರಿನ ಒಳಗೆ, ಆ ಬಾಗಿಲ ಆಚೆ ಯಾರೂ ಇಲ್ಲ. ಪ್ರೋಗ್ರಾಂ ಹೆಸರೇನು ಎಂದು ಕೇಳಿದ ಕ್ಷಣವೇ 'ಮುಗಿಯಿತು' ಎಂಬ ಉತ್ತರ ಬರುತ್ತದೆ. ಪೈಥಾನ್ ಇದನ್ನು ಇಓಎಫ್ ಎರರ್ ಎಂದು ಕೂಗಿ ಹೇಳುತ್ತದೆ. ಜಾವಾದ ಸ್ಕ್ಯಾನರ್ ಕೂಡ ಎಕ್ಸೆಪ್ಶನ್ ಎಸೆದು ನಿಲ್ಲುತ್ತದೆ. ಸಿ ಸುಮ್ಮನಿರುತ್ತದೆ, ಹಾಗಾಗಿ ಅದೇ ಹೆಚ್ಚು ಅಪಾಯದ್ದು. ಸ್ಕ್ಯಾನ್‌ಎಫ್ ಋಣ ಒಂದನ್ನು ಹಿಂದಿರುಗಿಸುತ್ತದೆ, ಅದನ್ನು ನೋಡಬೇಕೆಂದು ಮೊದಲ ವರ್ಷದ ಮಕ್ಕಳಿಗೆ ನಾವು ಕಲಿಸಿರುವುದಿಲ್ಲ, ವೇರಿಯಬಲ್‌ನಲ್ಲಿ ಹಿಂದೆ ಏನು ಕಸ ಬಿದ್ದಿತ್ತೋ ಅದರ ಮೇಲೆಯೇ ಲೆಕ್ಕ ನಡೆಯುತ್ತದೆ. ತಪ್ಪು ಉತ್ತರ, ಸರಿ ಉತ್ತರದ ವೇಷದಲ್ಲೇ ಬಂದು ನಿಲ್ಲುತ್ತದೆ.

ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಡೇಟಾ ಸ್ಟ್ರಕ್ಚರ್ ಲ್ಯಾಬ್ ನಿಮಗೆ ಮರೆತಿರಲಿಕ್ಕಿಲ್ಲ. ಸ್ಟ್ಯಾಕ್‌ಗೆ ಮೆನು ಡ್ರಿವನ್ ಪ್ರೋಗ್ರಾಂ ಬರೆಯಿರಿ, ಕ್ಯೂಗೆ ಬರೆಯಿರಿ. ಒಂದು ಒತ್ತಿದರೆ ಪುಶ್, ಎರಡು ಒತ್ತಿದರೆ ಪಾಪ್, ಮೂರಕ್ಕೆ ಡಿಸ್‌ಪ್ಲೇ, ನಾಲ್ಕಕ್ಕೆ ಹೊರಗೆ. ಕರ್ನಾಟಕದ ಎಂಜಿನಿಯರಿಂಗ್ ಮಕ್ಕಳು ವರ್ಷ ವರ್ಷ ಬರೆಯುವ ಈ ಪ್ರೋಗ್ರಾಂನ ಜೀವವೇ ಕೇಳುವುದು ಮತ್ತು ಕಾಯುವುದು. ಒಬ್ಬ ಹುಡುಗ ಬರೆದ ಅಂಥದ್ದೊಂದನ್ನು ನಿಮ್ಮ ಸಿ ಯಂತ್ರಕ್ಕೆ ಹಾಕಿದೆ. ನಾಲ್ಕು ಎಂದು ಹೇಳುವವರು ಯಾರೂ ಇಲ್ಲದ್ದರಿಂದ ಮೆನು ಮತ್ತೆ ಮತ್ತೆ, ಸಾವಿರಾರು ಸಲ ಅಚ್ಚಾಗಿ, ಕೊನೆಗೆ ಔಟ್‌ಪುಟ್ ಮಿತಿ ಮೀರಿತು ಎಂದು ಯಂತ್ರವೇ ಕೊಂದುಹಾಕಿತು. ಇನ್ಫಿನಿಟ್ ಲೂಪ್ ಬರೆದಿದ್ದೀಯ ಎಂಬ ಸೂಚನೆ ಬೇರೆ. ಅಂಥ ಲೂಪನ್ನು ಹುಡುಗ ಬರೆದಿರಲಿಲ್ಲ. ಅವನ ಲೂಪ್ ಸರಿಯಾಗಿಯೇ ಇತ್ತು, ನಾಲ್ಕಕ್ಕಾಗಿ ಕಾದಿತ್ತು.

ನಾನು ದೂರಿದ ಮೇಲೆ ನೀವು ಒಂದು ಪೆಟ್ಟಿಗೆ ಇಟ್ಟಿರಿ. ಪ್ರೋಗ್ರಾಂ ಕೇಳುವುದನ್ನೆಲ್ಲ ಮೊದಲೇ ಸಾಲುಸಾಲಾಗಿ ಅಲ್ಲಿ ಬರೆದು ಆಮೇಲೆ ರನ್ ಒತ್ತಬೇಕು. ಈ ಪದ್ಧತಿಗೆ ಅದರದೇ ಗೌರವ ಇದೆ. ಕೋಡಿಂಗ್ ಸ್ಪರ್ಧೆಗಳು ನಡೆಯುವುದೇ ಹೀಗೆ, ಪರೀಕ್ಷೆಯ ಉತ್ತರ ತಾಳೆ ನೋಡಲು ಇದಕ್ಕಿಂತ ಒಳ್ಳೆಯದಿಲ್ಲ. ಇತಿಹಾಸದಲ್ಲೂ ಇದೇ ಮೊದಲು. 1964ರ ಮೇ ತಿಂಗಳಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಕೆಮೆನಿ ಮತ್ತು ಕುರ್ಟ್ಜ್ ಎಂಬ ಇಬ್ಬರು ಮೇಷ್ಟ್ರು ಬೇಸಿಕ್ ಭಾಷೆಯನ್ನು ಓಡಿಸಿದರು. ಒಂದೇ ಯಂತ್ರ, ಹಲವು ಟೆಲಿಟೈಪ್, ಹಲವು ಹುಡುಗರು. ಹಂಚಿಕೆಯ ಯಂತ್ರವೆಂದರೆ ಅದೇ. ಆದರೆ ಆ ಮೊದಲ ಬೇಸಿಕ್‌ನಲ್ಲಿ ಇನ್‌ಪುಟ್ ಎಂಬ ಆಜ್ಞೆಯೇ ಇರಲಿಲ್ಲ! ಬೇಕಾದ ಅಂಕಿಗಳನ್ನು ಡೇಟಾ ಸಾಲುಗಳಲ್ಲಿ ಪ್ರೋಗ್ರಾಂ ಜೊತೆಗೇ ಬರೆದಿಡಬೇಕಿತ್ತು. 1966ರ ಮೂರನೆಯ ಆವೃತ್ತಿಯಲ್ಲಿ ಇನ್‌ಪುಟ್ ಬಂತು. ಬಳಿಕ ಪ್ರಪಂಚದಾದ್ಯಂತ ಬೇಸಿಕ್ ಕಲಿತ ಮಕ್ಕಳು ಬರೆದ ಆಟ, ಒಗಟು, ಪ್ರಶ್ನೋತ್ತರಗಳೆಲ್ಲ ಆ ಒಂದು ಆಜ್ಞೆಯ ಮೇಲೆ ನಿಂತವು. ಅವರು ಸುಮಾರು ಎರಡು ವರ್ಷದಲ್ಲಿ ದಾಟಿದ ಹೊಳೆಯನ್ನು ನಾವು ಇಷ್ಟು ವರ್ಷದ ಮೇಲೆ ಈ ಕಡೆಗೆ ದಾಟಿ ಬಂದು ಕೂತಿದ್ದೇವೆ.

ಪೆಟ್ಟಿಗೆಯ ಇನ್ನೊಂದು ತೊಂದರೆ ಮಕ್ಕಳ ಹಿಂದೆ ನಿಂತು ನೋಡಿದರೆ ಮಾತ್ರ ಕಾಣುತ್ತದೆ. ಟರ್ಮಿನಲ್‌ನಲ್ಲಿ ನಾವು ಹೊಡೆದ ಅಕ್ಷರ ಪರದೆಯ ಮೇಲೆ ಮೂಡುತ್ತದೆ, ಎಂಟರ್ ಹೊಡೆದರೆ ಸಾಲು ಕೆಳಗಿಳಿಯುತ್ತದೆ. ಅದು ಟರ್ಮಿನಲ್‌ನ ಕೆಲಸ, ಪ್ರೋಗ್ರಾಂನದ್ದಲ್ಲ. ಪೆಟ್ಟಿಗೆಯಿಂದ ಓದಿದಾಗ ಏನೂ ಮೂಡುವುದಿಲ್ಲ. ಹಾಗಾಗಿ 'ಹೆಸರು: ಹುಟ್ಟಿದ ವರ್ಷ: ನಮಸ್ಕಾರ' ಎಂದು ಎಲ್ಲವೂ ಒಂದೇ ಸಾಲಿನಲ್ಲಿ ಅಂಟಿಕೊಂಡು ಬರುತ್ತದೆ. ಪ್ರಶ್ನೆಗಳು ಇವೆ, ಉತ್ತರಗಳು ಕಾಣೆ. ರೆಕಾರ್ಡ್ ಪುಸ್ತಕಕ್ಕೆ ಔಟ್‌ಪುಟ್ ಬರೆಯುವ ಮಕ್ಕಳು ಇದನ್ನು ಹಾಗೆಯೇ ನಕಲು ಮಾಡುತ್ತಾರೆ. ಇದೇನು ಎಂದು ಕೇಳಿದರೆ ಅವರಿಗೆ ಹೇಳಲು ಬರುವುದಿಲ್ಲ. ನಾವು ಹೇಳಿಕೊಟ್ಟಿಲ್ಲವಲ್ಲ.

ಈಗ ಸಿಗೆ ಪೈಪ್ ಹಾಕಿದ ದಿನದ ಕಥೆಗೆ ಬರುತ್ತೇನೆ, ಏಕೆಂದರೆ ಹೊಸ ಭಾಷೆ ಸೇರಿಸುವವರೆಲ್ಲ ಎಡವುವ ಕಲ್ಲು ಅದೇ. ಪೆಟ್ಟಿಗೆ ಬಿಟ್ಟು ನಿಜವಾಗಿ ಮಾತಾಡುವ ದಾರಿ ಮಾಡೋಣ ಎಂದು ನೀವು ಹೊರಟಿರಿ, ಬಹಳ ಸಂತೋಷವಾಯಿತು. ಪೈಥಾನ್ ಪ್ರೋಗ್ರಾಂಗೂ ಪುಟಕ್ಕೂ ನಡುವೆ ಪೈಪ್ ಹಾಕಿದಿರಿ. ಹೆಸರೇನು ಎಂದು ಅದು ಕೇಳಿತು, ಉತ್ತರ ಹೋಯಿತು. ಅದೇ ಪೈಪ್ ಸಿ ಪ್ರೋಗ್ರಾಂಗೆ ಹಾಕಿದಿರಿ. ಏನೂ ಬರಲಿಲ್ಲ. ಖಾಲಿ ಪರದೆ. ಕಾದು ಕಾದು ಸಾಕಾಗಿ ಯಾರೋ ಸುಮ್ಮನೆ ಎರಡು ಅಂಕಿ ಹೊಡೆದಾಗ ಪ್ರಶ್ನೆ, ಉತ್ತರ, ಮೊತ್ತ ಎಲ್ಲವೂ ಒಟ್ಟಿಗೆ ಸುರಿಯಿತು.

ಸಿ ಭಾಷೆಯ ಪ್ರಿಂಟ್‌ಎಫ್ ತಾನು ಬರೆದದ್ದನ್ನು ಕೂಡಲೇ ಕಳುಹಿಸುವುದಿಲ್ಲ, ಬಫರಿನಲ್ಲಿ ಕೂಡಿಡುತ್ತದೆ. ಎದುರಿಗಿರುವುದು ಟರ್ಮಿನಲ್ ಎಂದು ಗೊತ್ತಾದರೆ ಸಾಲು ಮುಗಿದ ಕೂಡಲೇ ಕಳುಹಿಸುತ್ತದೆ, ಕೀಬೋರ್ಡ್ ಓದುವ ಮೊದಲೂ ಸಾಮಾನ್ಯವಾಗಿ ಕಳುಹಿಸುತ್ತದೆ. ಎದುರಿಗಿರುವುದು ಪೈಪ್ ಎಂದಾದರೆ ಬಫರ್ ತುಂಬುವವರೆಗೆ, ಇಲ್ಲವೇ ಪ್ರೋಗ್ರಾಂ ಮುಗಿಯುವವರೆಗೆ ಇಟ್ಟುಕೊಳ್ಳುತ್ತದೆ. ಹೀಗಾಗಿ ಪ್ರಶ್ನೆ ಬಫರಿನಲ್ಲಿ ಕೂತಿದೆ, ಪ್ರೋಗ್ರಾಂ ಉತ್ತರಕ್ಕೆ ಕಾಯುತ್ತಿದೆ, ಹುಡುಗ ಪ್ರಶ್ನೆಗೆ ಕಾಯುತ್ತಿದ್ದಾನೆ. ಇಬ್ಬರೂ ಒಬ್ಬರನ್ನೊಬ್ಬರು ನಂಬಿ ಕೂತವರು. ಪೈಥಾನಿನ ಇನ್‌ಪುಟ್ ತನ್ನ ಪ್ರಶ್ನೆಯನ್ನು ತಾನೇ ಹೊರಗೆ ತಳ್ಳಿ ಆಮೇಲೆ ಕಾಯುತ್ತದೆ. ಸಿ ಪ್ಲಸ್ ಪ್ಲಸ್‌ನಲ್ಲಿ ಸಿನ್ ಮತ್ತು ಸಿಔಟ್ ಒಂದಕ್ಕೊಂದು ಕಟ್ಟಿಕೊಂಡಿವೆ. ಓದುವ ಮೊದಲು ಬರೆದದ್ದು ಹೊರಡುತ್ತದೆ. ಸಿಗೆ ಈ ಅಭ್ಯಾಸವಿಲ್ಲ. ಒಂದು ಭಾಷೆಯಲ್ಲಿ ಸರಿಹೋದದ್ದು ಇನ್ನೊಂದರಲ್ಲೂ ಸರಿಹೋಗುತ್ತದೆಂದು ನಂಬಿದ್ದೇ ತಪ್ಪಾದದ್ದು. ನೀವು ಆಮೇಲೆ ಪೈಪ್ ಬದಲು ಸ್ಯೂಡೋ ಟರ್ಮಿನಲ್ ಹಾಕಿ ಸರಿಮಾಡಿದಿರಿ. ಎದುರಿಗೆ ಟರ್ಮಿನಲ್ ಇದೆ ಎಂದು ಸಿ ನಂಬಿತು, ಪ್ರಶ್ನೆ ಹೊರಬಂತು, ಎಂಟರ್ ಹೊಡೆದರೆ ಸಾಲೂ ಇಳಿಯಿತು. ಆ ದಿನ ಫೋನಿನಲ್ಲಿ ನಿಮ್ಮ ಧ್ವನಿ ಕೇಳಿ ನನಗೆ ನಿಮ್ಮ ಎರಡನೆಯ ಸೆಮಿಸ್ಟರ್ ನೆನಪಾಯಿತು.

ಟರ್ಬೋ ಸಿ ಕೂಡ ನೆನಪಾಯಿತು. ಆ ನೀಲಿ ಪರದೆ, ಕಂಟ್ರೋಲ್ ಎಫ್9. ಮೊದಲ ಸಾಲು ಕ್ಲಿಯರ್‌ಸ್ಕ್ರೀನ್, ಕೊನೆಯ ಸಾಲು ಗೆಟ್‌ಚ್. ಉತ್ತರ ಒಂದು ಕ್ಷಣ ಮಿಂಚಿ ನೀಲಿ ಪರದೆ ಮತ್ತೆ ಮುಚ್ಚಿಕೊಳ್ಳುತ್ತಿತ್ತು, ಅದನ್ನು ಹಿಡಿದು ನಿಲ್ಲಿಸಲು ಗೆಟ್‌ಚ್ ಹಾಕುತ್ತಿದ್ದೆವು: ಒಂದು ಕೀಲಿ ಒತ್ತುವವರೆಗೆ ಕಾಯಿ ಎಂದು. ಇಡೀ ದೇಶದ ಲ್ಯಾಬ್‌ಗಳಲ್ಲಿ ಒಂದು ತಲೆಮಾರು ಆ ಸಾಲನ್ನು ಏಕೆಂದು ಕೇಳದೆ ಬರೆಯಿತು, ನಾನೂ ಕಲಿಸಿದೆ. ಇಂದಿಗೂ ಹಳೆಯ ಕೈಪಿಡಿಗಳಿಂದ ಮಕ್ಕಳು ಅದನ್ನೇ ಎತ್ತಿಕೊಂಡು ನಿಮ್ಮ ಯಂತ್ರಕ್ಕೆ ಬರುತ್ತಾರೆ. ಅಲ್ಲಿ ಕೋನಿಯೋ ಹೆಡರ್ ಇಲ್ಲ ಎಂಬ ಎರರ್ ಸಿಗುತ್ತದೆ. ದಯವಿಟ್ಟು ಆ ಎರರ್‌ನ ಕೆಳಗೆ ಕನ್ನಡದಲ್ಲಿ ಒಂದು ಸಾಲು ಸೇರಿಸಿ: ಇದು ಹಳೆಯ ಕಂಪೈಲರಿನದು, ಇಲ್ಲಿ ಬೇಕಾಗಿಲ್ಲ, ತೆಗೆದು ನೋಡಿ. ಅಷ್ಟು ಸಾಕು.

ಜುಪಿಟರ್ ಎಂಬ ನೋಟ್‌ಬುಕ್ ಕಟ್ಟಿದವರು ಈ ವಿಷಯವನ್ನು ನಮಗಿಂತ ಮೊದಲೇ ಕೂತು ಯೋಚಿಸಿದ್ದಾರೆ. ಫರ್ನಾಂಡೋ ಪೆರೆಸ್ 2001ರಲ್ಲಿ ಆರಂಭಿಸಿದ ಐಪೈಥಾನ್‌ನಿಂದ 2014ರಲ್ಲಿ ಜುಪಿಟರ್ ಕವಲೊಡೆಯಿತು. ಜೂಲಿಯಾ, ಪೈಥಾನ್, ಆರ್ ಮೂರೂ ಭಾಷೆಗಳ ನೆನಪು ಅದರ ಹೆಸರಿನಲ್ಲಿದೆ. ಮುಂದೆ ಕಾಣುವ ಪುಟ ಒಂದೇ, ಹಿಂದೆ ಯಾವ ಭಾಷೆಯ ಕರ್ನೆಲ್ ಬೇಕಾದರೂ ಸೇರಿಸಬಹುದು. ಆ ಎರಡರ ನಡುವಿನ ಮಾತುಕತೆಯ ನಿಯಮದಲ್ಲಿ ಕೇಳುವುದಕ್ಕೆಂದೇ ಪ್ರತ್ಯೇಕ ದಾರಿಯೊಂದಿದೆ. ಕರ್ನೆಲ್ 'ನನಗೆ ಉತ್ತರ ಬೇಕು' ಎಂಬ ಸಂದೇಶವನ್ನು ಪ್ರಶ್ನೆಯ ಜೊತೆಗೆ ಕಳುಹಿಸುತ್ತದೆ, ಪುಟ ಅಲ್ಲೇ ಒಂದು ಪೆಟ್ಟಿಗೆ ತೆರೆಯುತ್ತದೆ, ಉತ್ತರ ಅದೇ ದಾರಿಯಲ್ಲಿ ಹಿಂದಿರುಗುತ್ತದೆ. ಗುಪ್ತಪದ ಕೇಳುವುದಿದ್ದರೆ ಅಕ್ಷರ ಕಾಣದಂತೆ ಮುಚ್ಚಲು ಬೇರೆ ಗುರುತು. ಕೋಡ್ ಕಳುಹಿಸುವಾಗಲೇ 'ಇಲ್ಲಿ ಉತ್ತರಿಸುವ ಮನುಷ್ಯ ಇದ್ದಾನೆ' ಅಥವಾ 'ಇಲ್ಲ' ಎಂದು ಪುಟ ತಿಳಿಸಿರುತ್ತದೆ. ಇಲ್ಲವೆಂದಾದರೆ, ಕೇಳಿದ ಪ್ರೋಗ್ರಾಂಗೆ 'ಇಲ್ಲಿ ಇನ್‌ಪುಟ್ ವ್ಯವಸ್ಥೆ ಇಲ್ಲ' ಎಂದೇ ಎರರ್ ಬರುತ್ತದೆ. ತಪ್ಪು ಯಾರದೆಂಬುದು ಆ ಎರರ್‌ನಲ್ಲೇ ಇದೆ. ನಮ್ಮ ಕಾಪುವಿನ ಹುಡುಗಿಗೆ ಆ ಒಂದು ಸಾಲು ಸಿಕ್ಕಿದ್ದರೆ ಅವಳು ಅಡ್ಡಗೆರೆ ಎಳೆಯುತ್ತಿರಲಿಲ್ಲ.

ಆದರೆ ಗಮನಿಸಿ. ಹೊಸ ಕರ್ನೆಲ್ ಬರೆಯುವವರಿಗೆ ಜುಪಿಟರ್ ಕೊಡುವ ಮಾದರಿ ಫಂಕ್ಷನ್ನಿನಲ್ಲಿ ಈ ಅನುಮತಿಯ ಬೆಲೆ ಮೊದಲಿಗೆ 'ಇಲ್ಲ' ಎಂದೇ ಇರುತ್ತದೆ. ಭಾಷೆ ಸೇರಿಸುವವನು ಕೈಯಾರೆ ಆ ಕೊಂಡಿ ಹಾಕಬೇಕು. ಹಾಕದಿದ್ದರೂ ಕೂಡಿಸು ಕಳೆ ಲೆಕ್ಕ ಓಡುತ್ತದೆ, ಚಿತ್ರ ಬರುತ್ತದೆ, ಪ್ರದರ್ಶನಕ್ಕೆ ತೋರಿಸಬಹುದು. ಕೇಳುವ ಪ್ರೋಗ್ರಾಂ ಬಂದ ದಿನ ಮಾತ್ರ ಗೊತ್ತಾಗುತ್ತದೆ, ಭಾಷೆ ಅರ್ಧವೇ ಸೇರಿದೆ ಎಂದು.

ಪುಟದಲ್ಲೇ ಪೈಥಾನ್ ಓಡಿಸುವ ಪಯೋಡೈಡ್ ದಾರಿಯನ್ನೂ ನೀವು ನೋಡಿದ್ದೀರಿ. ಸರ್ವರಿನ ಖರ್ಚಿಲ್ಲ, ಒಳ್ಳೆಯದೇ. ಆದರೆ ಬ್ರೌಸರಿನ ಮುಖ್ಯ ಎಳೆ, ಅಂದರೆ ಥ್ರೆಡ್, ಕಾಯಲಾರದು, ಕಾದರೆ ಪುಟವೇ ಹೆಪ್ಪುಗಟ್ಟುತ್ತದೆ. ಹಿಂದಿನ ಕೆಲಸಗಾರ ಎಳೆಯಲ್ಲಿ ಓಡಿಸಿ, ಹಂಚಿಕೆಯ ಮೆಮೊರಿಯ ಮೇಲೆ ಕಾಯಿಸಬೇಕು. 2018ರಲ್ಲಿ ಬಯಲಾದ, ಪ್ರೊಸೆಸರುಗಳ ಸ್ಪೆಕ್ಟರ್ ದೋಷದ ಬಳಿಕ ಅದಕ್ಕೆ ಸರ್ವರ್ ವಿಶೇಷ ಹೆಡರ್‌ಗಳನ್ನೂ ಕಳುಹಿಸಬೇಕು. ಹಾದಿ ಇದೆ. ಕೆಲಸ ಸ್ವಲ್ಪ ಹೆಚ್ಚು.

ನಮ್ಮೂರಿನವರಿಗೆ ಇದನ್ನು ವಿವರಿಸುವಾಗ ನಾನು ತಾಳಮದ್ದಳೆಯನ್ನು ನೆನೆಯುತ್ತೇನೆ. ಮಳೆಗಾಲದಲ್ಲಿ ಯಕ್ಷಗಾನ ಮೇಳಗಳು ತಿರುಗಾಟ ನಿಲ್ಲಿಸಿದಾಗ ಉಡುಪಿ ಕಾರ್ಕಳದ ಮನೆ ಜಗಲಿಗಳಲ್ಲಿ, ದೇವಸ್ಥಾನದ ಚಾವಡಿಗಳಲ್ಲಿ ಅದು ನಡೆಯುತ್ತದೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಮಾತಾಡುತ್ತಾರೆ. ಪದ ಪ್ರಸಂಗ ಪುಸ್ತಕದಲ್ಲಿ ಮೊದಲೇ ಬರೆದದ್ದು, ಮಾತು ಬರೆದದ್ದಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ವಾಲಿಯಾಗಿ ಕೂತಾಗ ಎದುರಿನ ರಾಮ ಮೊದಲೇ ಬರೆದಿಟ್ಟುಕೊಂಡು ಬಂದರೆ ನಡೆಯುತ್ತಿರಲಿಲ್ಲ. ವಾಲಿ ಏನು ಕೇಳಿದ ಎಂಬುದನ್ನು ಕೇಳಿಸಿಕೊಂಡು ಆಮೇಲೆ ಹೇಳಬೇಕಿತ್ತು. ಕೇಳುಗರು ಮಳೆಯಲ್ಲಿ ಛತ್ರಿ ಹಿಡಿದು ಬರುವುದೂ ಅದಕ್ಕೇ: ಈ ರಾತ್ರಿ ಇವನು ಏನು ಕೇಳುತ್ತಾನೆ, ಅವನು ಏನು ಹೇಳುತ್ತಾನೆ. ಉತ್ತರಗಳನ್ನೆಲ್ಲ ಮೊದಲೇ ಪೆಟ್ಟಿಗೆಗೆ ಹಾಕಿ ರನ್ ಒತ್ತುವುದು ಪ್ರಸಂಗ ಪುಸ್ತಕ ಓದಿದ ಹಾಗೆ. ಅದೂ ಬೇಕು. ಆದರೆ ತಾಳಮದ್ದಳೆಯನ್ನೇ ಕಾಣದ ಮಗುವಿಗೆ ಪ್ರಸಂಗ ಪುಸ್ತಕವೇ ತಾಳಮದ್ದಳೆ ಎಂದು ಹೇಳಬಾರದು.

ಇನ್ನು ಕನ್ನಡದ ಮಾತು. ಇದನ್ನು ನಾವಲ್ಲದೆ ಬೇರೆ ಯಾರೂ ನೋಡಿಕೊಳ್ಳುವುದಿಲ್ಲ.

ಹೆಸರೇನು ಎಂದು ಕೇಳಿದರೆ ನಮ್ಮ ಮಕ್ಕಳು ಕನ್ನಡದಲ್ಲಿ ಬರೆಯುತ್ತಾರೆ, ಬರೆಯಬೇಕು. ಯುನಿಕೋಡ್‌ನಲ್ಲಿ 'ಉಡುಪಿ' ಎಂದರೆ ಐದು ಸಂಕೇತ, ಯುಟಿಎಫ್-8ರಲ್ಲಿ ಹದಿನೈದು ಬೈಟು. 'ಕಾರ್ಕಳ' ಆರು ಸಂಕೇತ, ಹದಿನೆಂಟು ಬೈಟು. ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟು ಬೇಕು, ಇಂಗ್ಲಿಷ್ ಅಕ್ಷರಕ್ಕೆ ಒಂದೇ ಸಾಕು. ಪೈಪಿನಿಂದ ಬರುವ ಬೈಟುಗಳನ್ನು 4096ರ ಕಂತುಗಳಲ್ಲಿ ಓದಿ, ಒಂದೊಂದು ಕಂತನ್ನೂ ಬೇರೆ ಬೇರೆಯಾಗಿ ಅಕ್ಷರಕ್ಕೆ ತಿರುಗಿಸಿದರೆ ಇಂಗ್ಲಿಷಿನಲ್ಲಿ ಎಂದೂ ತೊಂದರೆ ಕಾಣದು. 4096 ಮೂರರಿಂದ ಭಾಗವಾಗುವುದಿಲ್ಲ. ಕಂತಿನ ಅಂಚಿನಲ್ಲಿ ಕನ್ನಡದ ಅಕ್ಷರ ಸೀಳುತ್ತದೆ, ಅಲ್ಲಿ ಪ್ರಶ್ನೆಚಿಹ್ನೆಯ ಕಪ್ಪು ವಜ್ರ ಬಂದು ಕೂರುತ್ತದೆ. ಉಳಿದ ಬೈಟನ್ನು ಮುಂದಿನ ಕಂತಿಗೆ ಹಿಡಿದಿಟ್ಟುಕೊಳ್ಳುವ ಡೀಕೋಡರ್ ಹೆಚ್ಚಿನ ಭಾಷೆಗಳ ಲೈಬ್ರರಿಯಲ್ಲಿ ಇದೆ. ಬಳಸಬೇಕೆಂದು ಹೊಳೆಯಬೇಕು ಅಷ್ಟೇ, ಇಂಗ್ಲಿಷಿನಲ್ಲಷ್ಟೇ ಪರೀಕ್ಷಿಸಿದವನಿಗೆ ಹೊಳೆಯುವುದಿಲ್ಲ.

ಬ್ಯಾಕ್‌ಸ್ಪೇಸ್ ಇನ್ನೊಂದು. ಸ್ಯೂಡೋ ಟರ್ಮಿನಲ್ ಹಾಕಿದಿರಲ್ಲ, ಸಾಲಿನೊಳಗೆ ಅಳಿಸುವ ಕೆಲಸ ಲಿನಕ್ಸ್ ಕರ್ನೆಲ್‌ನದು. ಬರುವುದು ಯುಟಿಎಫ್-8 ಎಂದು ಅದಕ್ಕೆ ತಿಳಿಸುವ ಒಂದು ಗುರುತು ಇದೆ. ಅದನ್ನು ಹಾಕದಿದ್ದರೆ ಒಂದು ಬ್ಯಾಕ್‌ಸ್ಪೇಸ್ ಒಂದು ಬೈಟನ್ನಷ್ಟೇ ಅಳಿಸುತ್ತದೆ. 'ಉಡುಪಿ'ಯ ಕೊನೆಯ ಗುಡಿಸು ಅಳಿಸಲು ಹೋದ ಹುಡುಗನ ಪರದೆಯಲ್ಲಿ ಅದು ಅಳಿಸಿದಂತೆ ಕಾಣಬಹುದು, ಆದರೆ ಪ್ರೋಗ್ರಾಂಗೆ ಅದರ ಎರಡು ಬೈಟಿನ ಚೂರು ಹೋಗುತ್ತದೆ. ಲೊಕೇಲ್ ಹೊಂದಿಸದ ಸಣ್ಣ ಕಂಟೇನರಿನಲ್ಲಿ ಜಾವಾ ಓಡಿಸಿ ನೋಡಿ, ಇಡೀ ಹೆಸರೇ ಪ್ರಶ್ನೆಚಿಹ್ನೆಗಳಾಗಿ ಬರಬಹುದು. ಜಾವಾ ಸೇರಿಸುತ್ತಿದ್ದೀರಿ ಎಂದು ಕೇಳಿದ್ದರಿಂದ ಈಗಲೇ ಹೇಳುತ್ತಿದ್ದೇನೆ.

ಮಣಿಪಾಲದವರೆಂದೇ ನಮ್ಮ ಕಡೆ ಎಲ್ಲರಿಗೂ ಪರಿಚಿತರಾದ ಕೆ. ಪಿ. ರಾವ್, ಅಂದರೆ ಕಿನ್ನಿಕಂಬಳ ಪದ್ಮನಾಭ ರಾವ್, ರೂಪಿಸಿದ ಕೀಲಿಮಣೆಯಲ್ಲಿ ನೀವು ಇಂದೂ ಕನ್ನಡ ಹೊಡೆಯುತ್ತೀರಿ. ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿಟ್ಟು ಅವರು ಕನ್ನಡಕ್ಕೆ ತಂತ್ರಾಂಶ ಮಾಡಿದರು. ಅವರ ವಿನ್ಯಾಸವೇ ಮುಂದೆ ಕರ್ನಾಟಕ ಸರ್ಕಾರದ ಅಧಿಕೃತ ವಿನ್ಯಾಸಕ್ಕೆ ತಳಹದಿಯಾಯಿತು. ಆ ವಿನ್ಯಾಸದ ಚೆಲುವು ನೋಡಿ. ಒಂದೇ ಕೀಲಿ ಪದದ ಮೊದಲಲ್ಲಿ 'ಇ' ಆಗುತ್ತದೆ, ವ್ಯಂಜನದ ಬಳಿಕ ಅದೇ ಕೀಲಿ ಗುಡಿಸು ಆಗುತ್ತದೆ. ಎಫ್ ಒತ್ತಿದರೆ ಅರ್ಧಾಕ್ಷರ, ಅದರ ಮುಂದೆ ಇನ್ನೊಂದು ವ್ಯಂಜನ ಬಂದರೆ ಒತ್ತು. 'ಕಾರ್ಕಳ'ಕ್ಕೆ ಆರೇ ಕೀಲಿ. ಮುಂದಿನ ಕೀಲಿ ಬರುವವರೆಗೆ ಹಿಂದಿನ ಅಕ್ಷರದ ರೂಪ ತೀರ್ಮಾನವಾಗುವುದಿಲ್ಲ, ಯಂತ್ರ ಕಾಯುತ್ತದೆ. ಮನುಷ್ಯನ ಮುಂದಿನ ಬೆರಳಿಗಾಗಿ ಯಂತ್ರವನ್ನು ಕಾಯಿಸುವ ಕೆಲಸವನ್ನು ನಮ್ಮವರೇ ಇಷ್ಟು ಚೆನ್ನಾಗಿ ಮಾಡಿಟ್ಟಿದ್ದಾರೆ. ನೀವು ಅದೇ ಮಣ್ಣಿನವರು.

ಆದ್ದರಿಂದ ಒಂದೊಂದು ಕೀಲಿಯನ್ನೂ ಹಿಡಿದು ಸರ್ವರಿಗೆ ಕಳುಹಿಸುವ ಕಪ್ಪು ಟರ್ಮಿನಲ್ ಪೆಟ್ಟಿಗೆಯನ್ನು ಫೋನಿನಲ್ಲಿ ನೆಚ್ಚಿಕೊಳ್ಳಬೇಡಿ. ಆಂಡ್ರಾಯ್ಡ್ ಫೋನಿನ ಕೀಲಿಮಣೆ ಯಾವ ಕೀಲಿ ಒತ್ತಿದರೂ ಬ್ರೌಸರಿಗೆ ಬಹುಮಟ್ಟಿಗೆ 229 ಎಂಬ ಒಂದೇ ಸಂಖ್ಯೆ ಹೇಳುತ್ತದೆ. ಚೌಕ ಚೌಕವಾಗಿ ಅಕ್ಷರ ಜೋಡಿಸುವ ಟರ್ಮಿನಲ್‌ನಲ್ಲಿ 'ಕ್ಷ'ದಂಥ ಅಕ್ಷರ ಒಡೆದೂ ಕಾಣಬಹುದು. ಪ್ರಶ್ನೆಯ ಪಕ್ಕದಲ್ಲೇ ಸಾಮಾನ್ಯ ಪಠ್ಯಪೆಟ್ಟಿಗೆ ತೆರೆಯಿರಿ. ಹುಡುಗಿ ತನ್ನ ಫೋನಿನ ಕನ್ನಡದಲ್ಲೇ ಹೊಡೆದು, ತಿದ್ದಿ, ತೃಪ್ತಿಯಾದ ಮೇಲೆ ಎಂಟರ್ ಒತ್ತಲಿ, ಆಗ ಇಡೀ ಸಾಲು ಹೋಗಲಿ. ಬ್ಯಾಕ್‌ಸ್ಪೇಸ್ ತೊಂದರೆಯೂ ಅಲ್ಲಿಗೇ ತೀರುತ್ತದೆ. ಮನೆಯಲ್ಲಿ ತುಳು ಮಾತಾಡುವ ಮಕ್ಕಳಿಗಾಗಿ ಇನ್ನೊಂದು ಮಾತು: ತುಳು-ತಿಗಳಾರಿ ಲಿಪಿ 2024ರ ಸೆಪ್ಟೆಂಬರಿನಲ್ಲಿ ಯುನಿಕೋಡ್ 16ರಲ್ಲಿ ಸೇರಿದೆ. ಅದರ ಪ್ರತಿ ಸಂಕೇತಕ್ಕೆ ನಾಲ್ಕು ಬೈಟು, ಜಾವಾದಲ್ಲಿ ಒಂದು ಸಂಕೇತಕ್ಕೆ ಎರಡು ಮನೆ. ಇಂದೇ ಯಾರೂ ಬರೆಯಲಿಕ್ಕಿಲ್ಲ, ಬರೆದ ದಿನ ಯಂತ್ರ ಬೀಳದಿರಲಿ.

ಸಮಯದ ಮಿತಿಯ ಬಗ್ಗೆ ನಮ್ಮಲ್ಲಿ ವಾದವಾಗಿತ್ತು. ಹತ್ತು ಸೆಕೆಂಡಿನಲ್ಲಿ ಮುಗಿಯದ ಪ್ರೋಗ್ರಾಂ ಕೊಲ್ಲಲೇಬೇಕು, ಇಲ್ಲವಾದರೆ ಒಬ್ಬ ಲೂಪ್ ಹಾಕಿ ಎಲ್ಲರ ಸರ್ವರ್ ತಿನ್ನುತ್ತಾನೆ ಎಂದಿರಿ. ನಿಮ್ಮ ಆತಂಕ ನಿಜ, ಯಂತ್ರ ಒಂದೇ, ಲ್ಯಾಬ್‌ನಲ್ಲಿ ಅರವತ್ತು ಮಕ್ಕಳು. ಆದರೆ ಓಡುವ ಸಮಯ ಬೇರೆ, ಗಡಿಯಾರದ ಸಮಯ ಬೇರೆ. ಉತ್ತರಕ್ಕೆ ಕಾಯುವ ಪ್ರೋಗ್ರಾಂ ನಿದ್ದೆಯಲ್ಲಿದೆ, ಪ್ರೊಸೆಸರನ್ನು ಮುಟ್ಟುವುದಿಲ್ಲ. ಹಿಡಿದಿರುವುದು ಸ್ವಲ್ಪ ಮೆಮೊರಿ ಮಾತ್ರ. ಪ್ರೊಸೆಸರಿನ ಸಮಯಕ್ಕೆ ಬಿಗಿ ಮಿತಿ ಹಾಕಿ, ಕಾಯುವ ಸಮಯಕ್ಕೆ ಹತ್ತು ನಿಮಿಷ ಕೊಡಿ. ಮೊದಲ ಸಲ ಕೀಲಿಮಣೆ ಮುಟ್ಟಿದವರು ಒಂದು ಹೆಸರು ಹೊಡೆಯಲು ನಲವತ್ತು ಸೆಕೆಂಡು ತೆಗೆದುಕೊಳ್ಳುವುದನ್ನು ನಾನು ದಿನವೂ ನೋಡುತ್ತೇನೆ. ಜುಲೈ ತಿಂಗಳಲ್ಲಿ ಕರೆಂಟು ಹೋಗಿ ಬರುತ್ತದೆ, ನೆಟ್ ಕಡಿದು ಕೂಡುತ್ತದೆ. ಕಡಿದರೆ ಕೂಡಲೇ ಕೊಲ್ಲಬೇಡಿ, ಮತ್ತೆ ಕೂಡಿಕೊಂಡಾಗ ಅದೇ ಪ್ರಶ್ನೆ ಅಲ್ಲೇ ಕಾದಿರಲಿ. ಸಮಯ ತೀರಿ ಕೊಲ್ಲಲೇಬೇಕಾದರೆ, ನಿನ್ನ ಉತ್ತರಕ್ಕೆ ಕಾದು ನಿಲ್ಲಿಸಿದೆವು ಎಂದು ಹೇಳಿ. ಇನ್ಫಿನಿಟ್ ಲೂಪ್ ಎಂಬ ಆರೋಪ ಹೊರಿಸಬೇಡಿ.

ಹೊಸ ಭಾಷೆ ಸೇರಿಸಲು ನೀವು ಬರೆಯುವ ಸಣ್ಣ ಕಡತವನ್ನು ನನಗೆ ತೋರಿಸಿದ್ದಿರಿ. ಭಾಷೆಯ ಹೆಸರು, ಕಡತದ ಬಾಲ, ಕಂಪೈಲ್ ಮಾಡುವ ಆಜ್ಞೆ, ಓಡಿಸುವ ಆಜ್ಞೆ. ನಾಲ್ಕು ಸಾಲು. ಅದಕ್ಕೆ ಐದನೆಯದೊಂದು ಸೇರಿಸಿ: ಈ ಭಾಷೆ ಹೇಗೆ ಕೇಳುತ್ತದೆ. ಸಾಲು ಸಾಲಾಗಿಯೋ, ಒಂದೊಂದೇ ಕೀಲಿಯಾಗಿಯೋ. ಪ್ರಶ್ನೆಯನ್ನು ತಾನೇ ಹೊರಗೆ ತಳ್ಳುತ್ತದೆಯೋ ನಾವು ತಳ್ಳಿಸಬೇಕೋ. ಉತ್ತರಿಸುವವರಿಲ್ಲದಾಗ ಕೂಗುತ್ತದೆಯೋ ಸುಮ್ಮನಿರುತ್ತದೆಯೋ. ಆ ಸಾಲು ಖಾಲಿಯಿದ್ದರೆ ಭಾಷೆ ಪಟ್ಟಿಯಲ್ಲಿ ಕಾಣಿಸಬಾರದು.

ಕನ್ನಡದ ಲೋಗೋ ಬರಲಿದೆ ಎಂಬ ಸುದ್ದಿಯಿಂದ ನನಗೆ ಎಷ್ಟು ಖುಷಿಯಾಗಿದೆಯೋ ಅಷ್ಟೇ ಭಯವೂ ಆಗಿದೆ. ಲೋಗೋ 1967ರಲ್ಲಿ ಮಕ್ಕಳಿಗೆಂದೇ ಹುಟ್ಟಿದ ಭಾಷೆ. ಯು. ಬಿ. ಪವನಜರು ಅದನ್ನು ಕನ್ನಡಕ್ಕೆ ತಂದರು, ಕನ್ನಡದ ಆಜ್ಞೆಗೆ ಪರದೆಯ ಮೇಲಿನ ಆಮೆ ನಡೆಯಿತು. ಆ ಭಾಷೆಯ ಉಸಿರೇ ಮಾತುಕತೆ: ಮಗು ಒಂದು ಸಾಲು ಹೇಳುತ್ತದೆ, ಆಮೆ ನಡೆಯುತ್ತದೆ, ಮಗು ನೋಡಿ ಇನ್ನೊಂದು ಹೇಳುತ್ತದೆ. ಎಷ್ಟು ಹೆಜ್ಜೆ ಎಂದು ಆಮೆಯೇ ಮಗುವನ್ನು ಕೇಳುವಂತೆಯೂ ಬರೆಯಬಹುದು. ಆ ಭಾಷೆಯನ್ನು ಕೇಳದ, ಕಾಯದ ಯಂತ್ರಕ್ಕೆ ಸೇರಿಸಿದರೆ ಉಳಿಯುವುದು ಚಿತ್ರ ಬಿಡಿಸುವ ಆಜ್ಞೆಗಳ ಪಟ್ಟಿ ಮಾತ್ರ. ತಡವಾದರೂ ಆಗಲಿ, ಆ ಐದನೆಯ ಸಾಲು ಬರೆದ ಮೇಲೆಯೇ ಸೇರಿಸಿ.

ಶನಿವಾರ ಮಧ್ಯಾಹ್ನ ಲ್ಯಾಬ್ ತೆರೆದಿರುತ್ತದೆ. ಯಾರಾದರೊಬ್ಬರು ಬನ್ನಿ. ಲ್ಯಾಪ್‌ಟಾಪ್ ಬೇಡ, ಫೋನ್ ಸಾಕು. ಕಾಪುವಿನ ಹುಡುಗಿಗೆ ಹೇಳಿಟ್ಟಿದ್ದೇನೆ, ಹೊಡೆದು ಹಾಕಿದ ಆ ಎರಡು ಸಾಲನ್ನು ಪುಸ್ತಕದಲ್ಲಿ ಮತ್ತೆ ಬರೆದಿಟ್ಟುಕೊಂಡು ಬರುತ್ತಾಳೆ. ಅವಳ ಹಿಂದೆ ಒಂದು ಸ್ಟೂಲ್ ಇಟ್ಟಿರುತ್ತೇನೆ. ಅವಳು ರನ್ ಒತ್ತಿ, ಅಮ್ಮನ ಹೆಸರನ್ನು ಕನ್ನಡದಲ್ಲಿ ಹೊಡೆದು ಮುಗಿಸುವವರೆಗೆ ನೀವು ಏನೂ ಹೇಳದೆ ಕೂತು ನೋಡಬೇಕು.

ಪ್ರೀತಿಯಿಂದ,
ನಿಮ್ಮ ಲ್ಯಾಬ್ ಮೇಷ್ಟ್ರು,
ಕಾರ್ಕಳ